ನನ್ನ ಸೊಂಟದ ಹರಕೆ, ಅತ್ತೆಯ ದೀಡ ನಮಸ್ಕಾರ

ಅಡುಗೆ ಕಟ್ಟೆಯ ಮುಂದೆ ನಿಂತು ರೊಟ್ಟಿ ಬಡಿಯುತ್ತಿದ್ದೆ. ನಮ್ಮ ಊರಲ್ಲಿ ಹೆಂಗಸರು ನೆಲದ ಮೇಲೆ ಕೂತು, ಬಾಗಿಕೊಂಡೇ ಬಡಿಯುವುದು. ನಿಂತು ಬಡಿಯಲು ನನಗೆ ಹೇಳಿದವರು ತಾಲೂಕು ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವ ಡಾಕ್ಟರಮ್ಮ. ಅಷ್ಟರಲ್ಲಿ ಬಾಜು ಮನೆಯಾಕೆ ಹಿತ್ತಲ ಬಾಗಿಲಿಂದಲೇ ಕೂಗಿದಳು.

“ವೈನಿ, ರೊಟ್ಟಿ ಆಮ್ಯಾಲೆ ಬಡೀರಿ! ನಿಮ್ಮ ಅತ್ತಿ ಕೆರಿಯಿಂದ ದೀಡ ನಮಸ್ಕಾರ ಹಾಕ್ಕೋಂತ ಹೊಂಟಾರ. ಯಾರ ಮಾತೂ ಕೇಳವಲ್ರು.”

ಉರಿ ಆರಿಸಿದೆ. ಕೈಗಿನ್ನೂ ಹಿಟ್ಟು ಮೆತ್ತಿತ್ತು. ಆ ಹರಕೆ ಅತ್ತೆಯದಲ್ಲ, ನನ್ನದು.

ಎರಡು ವರ್ಷದ ಹಿಂದೆ ಸೊಂಟ ಹಿಡಿದಾಗ ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಗುಳಿಗೆ ನುಂಗಿದೆ, ಬಿಸಿ ಇಟ್ಟಂಗಿಯಿಂದ ಕಾಸಿಕೊಂಡೆ. ನೋವು ಹೋದಂತೆ ಮಾಡಿ ಮತ್ತೆ ಬರುತ್ತಿತ್ತು. ಆಗ ಊರ ದೇವಿ ದ್ಯಾಮವ್ವನಿಗೆ ಹರಕೆ ಹೊತ್ತೆ: ಸೊಂಟ ನೆಟ್ಟಗಾದರೆ ಕೆರೆಯಿಂದ ನಿನ್ನ ಗುಡಿಯ ತನಕ ದೀಡ ನಮಸ್ಕಾರ ಹಾಕುತ್ತೇನೆ, ತಾಯಿ. ಅಂದರೆ ತೊಯ್ದ ಸೀರೆಯಲ್ಲಿ ನೆಲಕ್ಕೆ ಉದ್ದಕ್ಕೆ ಮಲಗಿ, ಕೈ ಚಾಚಿ ಗುರುತು ಹಾಕಿ, ಎದ್ದು ಆ ಗುರುತಿಗೆ ನಿಂತು, ಮತ್ತೆ ಮಲಗುವುದು. ಸೊಂಟ ವಾಸಿಯಾಗಲು ಸೊಂಟ ಮುರಿಯುವಂಥ ಹರಕೆ! ನೋವಿನಲ್ಲಿ ಸಣ್ಣದೇನೂ ತೋಚಲಿಲ್ಲ.

ಆಮೇಲೆ ತಾಲೂಕು ಆಸ್ಪತ್ರೆಗೆ ಹೋದಾಗ, ತಾಯಿಯ ದಯೆ, ಆಪರೇಷನ್ ಮಾಡುವಂಥದ್ದೇನೂ ಇಲ್ಲ ಎಂದರು ಅಲ್ಲಿಯ ಡಾಕ್ಟರು. ಮಲಗಿದಷ್ಟೂ ಸೊಂಟ ಬಲ ಕಳೆದುಕೊಳ್ಳುತ್ತದೆ, ದಿನಾ ನಡೆಯಿರಿ ಎಂದರು ಡಾಕ್ಟರಮ್ಮ. ಅಂಗಾತ ಮಲಗಿ, ಮೊಣಕಾಲು ಮಡಚಿ, ಸೊಂಟವನ್ನು ಮೆಲ್ಲಗೆ ಎತ್ತಿ ಇಳಿಸುವುದನ್ನು ಕಲಿಸಿದರು. ಸ್ವಲ್ಪ ನೋವಾದರೆ ಹೆದರಬೇಡಿ, ಕೆಲಸವನ್ನು ಒಮ್ಮೆಲೇ ಮೈಮೇಲೆ ಎಳೆದುಕೊಳ್ಳಬೇಡಿ ಎಂದರು. ಹರಕೆಯ ಮಾತೆತ್ತಿದಾಗ ಅವರು ನಗಲಿಲ್ಲ. “ದೇವ್ರಿಗೇನ್ ಅವಸರ ಇಲ್ರಿ. ಇನ್ನಷ್ಟು ಬಲ ಬರ್ಲಿ, ಆಮ್ಯಾಲೆ ನೋಡೂಣು.”

ಬಲ ಬರುತ್ತಾ ಹೋಯಿತು. ಅರ್ಧ ಕೊಡ ನೀರು ಎತ್ತುವಂತಾದೆ. ನೋವು ಬಂದರೂ ಹಿಂದಿನಂತೆ ಠಿಕಾಣಿ ಹೂಡುತ್ತಿರಲಿಲ್ಲ. ಆದರೆ ಗುಡಿಯ ಮುಂದೆ ಹಾಯುವಾಗ ತಲೆ ಎತ್ತಲಾಗುತ್ತಿರಲಿಲ್ಲ. ಡಾಕ್ಟರಮ್ಮನ ಮಾತು ಪಾಲಿಸುತ್ತಿದ್ದೇನೋ, ಅವರನ್ನು ಅಡ್ಡ ಇಟ್ಟುಕೊಂಡು ತಾಯಿಗೆ ಕೈ ಕೊಡುತ್ತಿದ್ದೇನೋ, ನನಗೇ ತಿಳಿಯದು. ಹೋದ ವಾರ ಕಳೆ ತೆಗೆದು ಬಂದ ಮೇಲೆ ಸೊಂಟ ಮತ್ತೆ ಹಿಡಿದಾಗ ಅತ್ತೆಯ ಮುಂದೆ ನರಳಿದೆ: “ತಾಯಿ ಸಿಟ್ಟಾಗ್ಯಾಳ್ರಿ, ಅತ್ತಿ.” ಆ ಒಂದು ಮಾತು ಮುದುಕಿಯನ್ನು ಕೆರೆಗೆ ಕಳಿಸಿತ್ತು.

ಕೈ ಒರೆಸಿಕೊಂಡು ಕೆರೆಯ ದಾರಿಗೆ ಬಂದೆ. ಹಿಂದಿನ ದಿನ ಮಳೆಯಾಗಿ ದಾರಿಯ ಎರೆಮಣ್ಣು ಮೆತ್ತಗಿತ್ತು, ಅಷ್ಟಾದರೂ ಪುಣ್ಯ. ಅತ್ತೆ ಬೋರಲಾಗಿ ಮಲಗಿ, ಬೇವಿನ ಕಡ್ಡಿಯಿಂದ ಗೀರು ಹಾಕುತ್ತಿದ್ದರು.

“ಏಳ್ರಿ ಅತ್ತಿ. ನನ್ನ ಹರಕಿ ನಾನ ತೀರಸ್ತೀನಿ,” ಎಂದು ಸೆರಗು ಸಿಕ್ಕಿಸಿದೆ.

“ಸುಮ್ನಿರ ಬೇ. ನೀ ಇಲ್ಲೆ ಬಿದ್ರ ಮತ್ತ ಹಾಸಿಗಿ ಹಿಡೀತಿ. ಆಮ್ಯಾಲೆ ರೊಟ್ಟಿ ಬಡಿಯಾಕಿ ಯಾರು? ನಾನ. ಅದಕ್ಕಿಂತ ಇದ ಹಗರ.”

ನೋಡುತ್ತಿದ್ದ ಹೆಂಗಸರು ನಕ್ಕರು. ನನಗೆ ಅಳು ಬಂತು.

“ನಿಮ್ಮ ಮೊಣಕಾಲು ನೋಯಸ್ತಾವಲ್ರಿ?”

“ಅವು ಮೊದ್ಲಿಂದ್ಲೂ ನೋಯಸ್ತಾವ. ಅವಕ್ಕೇನ ಹೊಸದು?”

ಗುಡಿ ಕಣ್ಣಿಗೆ ಬೀಳುವ ತಿರುವಿನಲ್ಲಿ ಅವರಿಗೆ ಏಳಲಾಗಲಿಲ್ಲ. ಬೆನ್ನು ಬಾಗಿಸದೆ ಮೊಣಕಾಲು ಮಡಚಿ ಕೂತು, ಅವರ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದೆ. ಉಳಿದದ್ದನ್ನು ನಾನು ಹಾಕಲೇಬೇಕೆಂದು ನೆಲಕ್ಕೆ ಕೈಯೂರಿದೆ. ಅತ್ತೆ ನನ್ನ ರಟ್ಟೆ ಹಿಡಿದು ನಿಲ್ಲಿಸಿ, ಗುಡಿಯ ಕಡೆ ಮುಖ ಮಾಡಿ ದನಿ ಎತ್ತಿದರು.

“ದ್ಯಾಮವ್ವಾ, ಇಲ್ಲೀತನ ನನ್ನ ಮೈಮ್ಯಾಲೆ ಆತು. ಉಳಿದದ್ದನ್ನ ಈಕಿ ದಿನಾ ನಡಕೋಂತ ಬಂದು ತೀರಸ್ತಾಳ. ಡಾಕ್ಟರೂ ನಡಿ ಅಂದಾಳ, ನೀನೂ ಹೂಂ ಅನ್ನು.”

“ಹೂಂ ಅಂದ್ಲೇನ್ರಿ?” ಎಂದೆ.

“ಒಲ್ಲೆ ಅಂದಿದ್ರ ಇಷ್ಟೊತ್ತಿಗೆ ಗೊತ್ತಾಕ್ಕಿತ್ತು. ನಡಿ.”

ಇಬ್ಬರೂ ನಡೆದು ಹೋಗಿ ಕಾಯಿ ಒಡೆಸಿದೆವು. ಮನೆಗೆ ಬಂದಾಗ ನೋಡಿದೆ: ಅತ್ತೆಯ ಮೊಣಕೈ ತರಚಿತ್ತು. ಎಲುಬಿಗೇನೂ ಆಗಿರಲಿಲ್ಲ, ಬಿಸಿ ಚಹಾ ಕೇಳಿ ಕುಡಿದರು, ನನ್ನ ಸೊಂಟವೂ ಅಂದು ತಕರಾರು ಮಾಡಲಿಲ್ಲ. ಇವೆಲ್ಲ ತಾಯಿ ಕೊಟ್ಟದ್ದೇ. ಆದರೂ ಆ ಮೊಣಕೈಗೆ ಅರಿಸಿನ ಹಚ್ಚುವಾಗ ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ನಾಳೆಯಿಂದ ಮಳೆ ಬರಲಿ, ಮೈ ಒಲ್ಲೆನ್ನಲಿ, ಗುಡಿಗೆ ನಡೆಯುವುದೇ ಎಂದುಕೊಂಡೆ. ಈ ಸೊಂಟವನ್ನು ಕೆಡಿಸಿಕೊಳ್ಳುವ ಹಕ್ಕು ಇನ್ನು ನನಗಿಲ್ಲ.

“ಸ್ವಲ್ಪ ಅಡ್ಡಾಗ್ತೀನಿ,” ಎಂದರು ಅತ್ತೆ. “ಮಲಗಬ್ಯಾಡ ಅಂದದ್ದು ನಿನಗ, ನನಗಲ್ಲ.”

ಅವರಿಗೆ ಚಾದರ ಹೊದಿಸಿ, ಮಣ್ಣು ಮೆತ್ತಿದ ಸೀರೆಯನ್ನು ಹಿತ್ತಲಿಗೆ ಒಯ್ದೆ. ಬಾಗಬಾರದೆಂದು ಬಕೀಟನ್ನು ಎತ್ತರದ ಕಲ್ಲಿನ ಮೇಲಿಟ್ಟು, ನಿಂತೇ ಒಗೆಯತೊಡಗಿದೆ.