ಎಬ್ಬಿಸುವವರಿದ್ದ ಗಾಡಿ

ವಡೋದರದಿಂದ ಅಹಮದಾಬಾದಿಗೆ ದಿನಾ ರೈಲಿನಲ್ಲಿ ಹೋಗಿಬರುವವರನ್ನು ಇಲ್ಲಿ ಅಪ್‌ಡೌನ್‌ನವರು ಎನ್ನುತ್ತಾರೆ. ಆರು ವರ್ಷಗಳಿಂದ ನಾನೂ ಅವರಲ್ಲೊಬ್ಬ. ಹೆಂಡತಿಗೆ ವಡೋದರದ ಬ್ಯಾಂಕಿಗೆ ವರ್ಗವಾಯಿತು, ನನಗೆ ಅಹಮದಾಬಾದಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ಬೆಳಗಿನ ಪಾಳಿ ಸಿಕ್ಕಿತು. ಹಿಂದಿನಿಂದ ಮೂರನೇ ಬೋಗಿ, ಎದುರುಬದುರು ಎರಡು ಸೀಟು, ಎಂಟು ಜನ. ಮೊದಲು ಬಂದವರು ಉಳಿದವರಿಗಾಗಿ ಕರವಸ್ತ್ರ ಹಾಸಿ ಜಾಗ ಹಿಡಿಯುತ್ತಿದ್ದರು.

ಗಾಡಿ ಹೊರಟ ಕೂಡಲೇ ಏಳು ಜನ ನಿದ್ದೆಹೋಗುತ್ತಿದ್ದೆವು. ಎಚ್ಚರವಿರುವ ಕೆಲಸ ಒಬ್ಬರದು. ಅವರು ವಿಜಯಪುರದ ಕಡೆಯವರು, ವಿಮಾ ಕಚೇರಿಯಲ್ಲಿ ಅಧಿಕಾರಿ, ಅಹಮದಾಬಾದಿಗೆ ಒಂದು ಸ್ಟೇಷನ್ ಮೊದಲು ಮಣಿನಗರದಲ್ಲಿ ಇಳಿಯುವವರು. ಬೋಗಿಯವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದರು. "ಊರಾಗೂ ಕಾಕಾ, ಇಲ್ಲೂ ಕಾಕಾ. ಎಷ್ಟು ಟ್ರಾನ್ಸ್‌ಫರ್ ಆದ್ರೂ ಈ ಪೋಸ್ಟ್ ಮಾತ್ರ ಬದಲಾಗಲಿಲ್ಲ ನೋಡ್ರಿ" ಎಂದು ಅವರು ಮೊದಲ ದಿನವೇ ನನಗೆ ಹೇಳಿದ್ದರು.

ಅವರು ಗಡಿಯಾರ ನೋಡುತ್ತಿರಲಿಲ್ಲ. ಕೊಯಾಲಿಯ ರಿಫೈನರಿಯ ಬೆಂಕಿ ಹಿಂದೆ ಸರಿದು, ಮಹೀ ನದಿಯ ಸೇತುವೆಯ ಸದ್ದು ಮುಗಿದರೆ ಆನಂದ್ ಸ್ಟೇಷನ್ ಹತ್ತಿರವಾಯಿತು. ವಟ್ವಾದ ಬಣ್ಣದ ಕಾರ್ಖಾನೆಗಳ ವಾಸನೆ ಮೂಗಿಗೆ ಬಡಿದರೆ ಮಣಿನಗರ. ಇಳಿಯುವವರ ಹೆಗಲ ಮೇಲೆ ಎರಡು ಸಲ ತಟ್ಟುತ್ತಿದ್ದರು. ಅಷ್ಟಕ್ಕೂ ಏಳದಿದ್ದರೆ ಕಿವಿಯ ಹತ್ತಿರ ಬಾಗಿ ಇದು ಯಾವ ಸ್ಟೇಷನ್ ಎಂದು ಕೇಳುವರು. ಸರಿಯುತ್ತರ ಬರುವವರೆಗೆ ಬಿಡುತ್ತಿರಲಿಲ್ಲ.

ಅವರು ಎಚ್ಚರವಿರುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಅದನ್ನು ನನಗೆ ತಿಳಿಸಿದವರು ಅವರ ಹೆಂಡತಿ. ಒಂದು ಬೆಳಿಗ್ಗೆ ಕಾಕಾ ತಿಂಡಿಯ ಡಬ್ಬಿ ಮರೆತಿದ್ದರು. ಆಕೆ ಅದನ್ನು ಹಿಡಿದು ಪ್ಲಾಟ್‌ಫಾರ್ಮಿಗೆ ಓಡಿಬಂದರು. ನಾನು ಕನ್ನಡದಲ್ಲಿ ಮಾತಾಡಿದ್ದು ಕೇಳಿ ನನ್ನ ಕಡೆ ತಿರುಗಿದರು.

"ಇವ್ರಿಗೆ ಸಕ್ರಿ ಕಾಯಿಲೆ ಐತ್ರಿ. ಇನ್ಸುಲಿನ್ ಸೂಜಿ ಚುಚ್ಕೊಂಡು ಮನಿ ಬಿಡ್ತಾರ, ತಿನ್ನೂದು ಗಾಡ್ಯಾಗ. ತಿನ್ನೂತನಕ ಮಲಗಾಕ ಬಿಡಬ್ಯಾಡ್ರಿ. ಸಕ್ರಿ ಇಳೀತಂದ್ರ ಎಚ್ಚರಾ ತಪ್ಪತೈತಿ."

"ನಾನ್ ನೋಡ್ಕೋತೀನಿ ಬಿಡಿ" ಎಂದೆ.

ನೋಡಿಕೊಳ್ಳುವಂಥದ್ದೇನೂ ಇರಲಿಲ್ಲ. ಆನಂದ್‌ನಲ್ಲಿ ಇಳಿಯುವವರನ್ನು ಎಬ್ಬಿಸಿ ಕಳಿಸಿದ ಮೇಲೆ ಕಾಕಾ ಡಬ್ಬಿ ಬಿಚ್ಚುತ್ತಿದ್ದರು. ಅದು ಅವರ ಕ್ರಮ. ಒಗ್ಗರಣೆ ಅವಲಕ್ಕಿಯ ವಾಸನೆಗೆ ನನಗೂ ಎಚ್ಚರವಾಗುತ್ತಿತ್ತು.

ಆಮೇಲೆ ಫೋನುಗಳಲ್ಲಿ ಎಬ್ಬಿಸುವ ಸೌಲಭ್ಯ ಬಂತು. ಇಳಿಯುವ ಸ್ಟೇಷನ್ ಒತ್ತಿಟ್ಟರೆ ಸಾಕು, ಗಾಡಿ ಅದರ ಹತ್ತಿರ ಬಂದಾಗ ಫೋನ್ ನಡುಗುತ್ತದೆ. ನಡಿಯಾದ್‌ನಲ್ಲಿ ಇಳಿಯುವ ಕಾಲೇಜು ಅಧ್ಯಾಪಕರೊಬ್ಬರು ಅದನ್ನು ನಮಗೆಲ್ಲ ಹಾಕಿಕೊಟ್ಟರು. ಕಾಕಾನ ಫೋನಿಗೂ ಹಾಕಿದರು.

"ಕಾಕಾ, ಹವೇ ತಮೇ ರಿಟೈರ್!" ಎಂದರು. ಇನ್ನು ನಿಮಗೆ ನಿವೃತ್ತಿ ಎಂದು.

ಎಲ್ಲರೂ ನಕ್ಕರು. ಕಾಕಾ ನನ್ನ ಕಡೆ ನೋಡಿ, "ಆಫೀಸ್ನ್ಯಾಗ ಇನ್ನೂ ಒಂದೂವರಿ ವರ್ಷ ಐತಿ. ಈ ನೌಕರಿ ಮೊದಲ ಹೋತು" ಎಂದರು. ಅವರೂ ನಕ್ಕರು.

ಮೊದಲ ಒಂದೆರಡು ವಾರ ಅಭ್ಯಾಸಬಲದಿಂದ ಕೈ ಚಾಚುತ್ತಿದ್ದರು. ಅಷ್ಟರಲ್ಲಿ ಆನಂದ್‌ನವರು ತಾವೇ ಎದ್ದು ಬ್ಯಾಗ್ ಹೆಗಲಿಗೇರಿಸಿ, ಕಿವಿಯೊಳಗಿನ ಬಡ್ಸ್ ತೆಗೆಯದೆ ಬಾಗಿಲಿಗೆ ನಡೆದಿರುತ್ತಿದ್ದರು. ಕಾಕಾ ಕೈಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಬರಬರುತ್ತಾ ಅವರೂ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚತೊಡಗಿದರು. ಡಬ್ಬಿ ಬಿಚ್ಚುವುದು ಆನಂದ್‌ನಿಂದ ನಡಿಯಾದ್‌ಗೆ, ನಡಿಯಾದ್‌ನಿಂದ ಮಹೆಮದಾವಾದ್‌ಗೆ ಸರಿಯಿತು. ನಾನು ನೋಡಿದ್ದೆ. ಒಮ್ಮೆ "ಸಾರ್, ತಿಂಡಿ?" ಎಂದು ಕೇಳಿದ್ದೂ ಉಂಟು. "ತಿಂತೀನಿ ತಗೀರಿ" ಎಂದಿದ್ದರು.

ಆ ದೀಪಾವಳಿಗೆ ಅವರ ಮಗಳು ಕೈಗಡಿಯಾರವೊಂದನ್ನು ಕಳಿಸಿದ್ದಳು. ನಾಡಿ, ಹೆಜ್ಜೆ, ನಿದ್ದೆ ಎಲ್ಲ ಲೆಕ್ಕ ಹಾಕುವಂಥದ್ದು. ಅದನ್ನು ನನ್ನ ಮುಂದೆ ಹಿಡಿದರು. "ನಿನ್ನೆ ಗಾಡ್ಯಾಗ ನಲವತ್ತು ನಿಮಿಷ ಚಲೋ ನಿದ್ದಿ ಅಂತ. ಶಭಾಷ್ ಅಂತೈತ್ರಿ ಇದು." ಇನ್ನು ಇವರ ಆರೋಗ್ಯ ನೋಡಿಕೊಳ್ಳಲು ಯಂತ್ರವಿದೆ ಎಂದು ನಾನು ನಿರಾಳನಾದೆ. ಅದು ರಕ್ತದ ಸಕ್ಕರೆಯನ್ನು ಅಳೆಯುವುದಿಲ್ಲ ಎಂದು ಪೆಟ್ಟಿಗೆಯ ಮೇಲೇ ಬರೆದಿತ್ತು. ಆ ಪೆಟ್ಟಿಗೆಯನ್ನೂ ಅವರು ತೋರಿಸಿದ್ದರು. ಡೆಸ್ಕಿನಲ್ಲಿ ಬೇರೆಯವರು ಬರೆದದ್ದನ್ನು ಎರಡೆರಡು ಸಲ ತಾಳೆ ನೋಡುವುದು ನನ್ನ ಕೆಲಸ. ಪೆಟ್ಟಿಗೆಯ ಮೇಲಿನ ನಾಲ್ಕು ಸಾಲುಗಳನ್ನು ಮಾತ್ರ ಆಗ ಒಮ್ಮೆಯೂ ಓದಲಿಲ್ಲ.

ಜನವರಿಯ ಒಂದು ಬೆಳಿಗ್ಗೆ. ನಾನು ಅವರ ಎದುರು ಕೂತು, ಕಿವಿಗೆ ಬಡ್ಸ್ ಹಾಕಿಕೊಂಡು, ಫೋನಿನಲ್ಲೇ ಒಂದು ವರದಿ ತಿದ್ದುತ್ತಿದ್ದೆ. ಆನಂದ್ ಬಂತು, ಹೋಯಿತು. ನಡಿಯಾದ್‌ನಲ್ಲಿ ಅಧ್ಯಾಪಕರು ಇಳಿದರು. ವಟ್ವಾದ ವಾಸನೆ ಬಂದಾಗ ಕಾಕಾನ ಅಂಗಿಯ ಜೇಬಿನಲ್ಲಿ ಬೆಳಕು ಕಂಡಿತು. ಫೋನ್ ನಡುಗುತ್ತಿತ್ತು. ಏಳುತ್ತಾರೆ ಅಂದುಕೊಂಡೆ. ಬೆಳಕು ಆರಿತು. ತಿದ್ದುತ್ತಿದ್ದ ವಾಕ್ಯ ಮುಗಿಸಿದೆ. ತಲೆಯೆತ್ತಿದಾಗ ಗಾಡಿ ಮಣಿನಗರ ಬಿಟ್ಟಿತ್ತು.

"ಏನ್ ಸಾರ್, ಇವತ್ತು ನನ್ ಜೊತೆ ಅಹಮದಾಬಾದ್‌ಗೇ ಬರ್ತೀರಾ?" ಎಂದೆ.

ಹೆಗಲು ತಟ್ಟಿದೆ. ಅಂಗಿ ಬೆವರಿನಿಂದ ತೊಯ್ದಿತ್ತು, ಆ ಚಳಿಯಲ್ಲಿ. ಇನ್ನೊಮ್ಮೆ ತಟ್ಟಿದೆ. ತಲೆ ಕಿಟಕಿಯಿಂದ ಜಾರಿ ನನ್ನ ಕೈಗೆ ಬಂತು. ತೊಡೆಯ ಮೇಲಿನ ಡಬ್ಬಿಗೆ ಕಟ್ಟಿದ ಬಟ್ಟೆಯ ಗಂಟು ಹಾಗೇ ಇತ್ತು. ಸಕ್ಕರೆ ಇಳಿದಾಗ ಬೇಕೆಂದು ಅವರ ಜೇಬಿನಲ್ಲಿ ಸದಾ ಇರುತ್ತಿದ್ದ ಪೆಪ್ಪರ್‌ಮಿಂಟ್ ತೆಗೆದು ಬಾಯಿಗಿಡಲು ನೋಡಿದೆ. ಹಲ್ಲು ಕಚ್ಚಿಕೊಂಡಿದ್ದವು.

ಅಹಮದಾಬಾದಿನಲ್ಲಿ ಇಳಿಸಿ ಕರೆದೊಯ್ದ ಆಸ್ಪತ್ರೆಯ ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ಹೊತ್ತಿನಿಂದ ಹೀಗಿದ್ದಾರೆ? ಎಷ್ಟು ಹೊತ್ತಿಗೆ ಎಂಬುದು ನಾನು ವರದಿಗಾರರನ್ನು ದಿನಾ ಕೇಳುವ ಪ್ರಶ್ನೆ. ಕಾಕಾನ ಎದುರು ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತು ಬಂದಿದ್ದ ನನಗೆ ಉತ್ತರ ಗೊತ್ತಿರಲಿಲ್ಲ. ಮರುದಿನ ಮಗಳು ಗಡಿಯಾರದ ದಾಖಲೆ ತೆಗೆದಳು. ಆನಂದ್‌ಗೆ ಮೊದಲಿನಿಂದ ಅಹಮದಾಬಾದಿನವರೆಗೂ ಅದು ಗಾಢ ನಿದ್ರೆ ಎಂದು ಬರೆದುಕೊಂಡಿತ್ತು.

ಮೂರನೇ ದಿನ ಕಾಕಾ ಕಣ್ಣು ತೆರೆದರು. ಆದರೆ ನೆನಪು ಪೂರ್ತಿ ಮರಳಲಿಲ್ಲ. ಸಕ್ಕರೆ ಬಹಳ ಹೊತ್ತು ಇಳಿದಿದ್ದರೆ ಮೆದುಳಿಗೆ ಹೀಗಾಗುತ್ತದೆ ಎಂದರು ವೈದ್ಯರು. ಕಚೇರಿಯ ನಿವೃತ್ತಿಯೂ ಅವಧಿಗೆ ಮೊದಲೇ ಬಂತು.

ಕಳೆದ ತಿಂಗಳು ವಡೋದರದ ಅವರ ಮನೆಗೆ ಹೋಗಿದ್ದೆ. ಅವರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಅವರ ಹೆಂಡತಿ ಚಹಾ ತಂದುಕೊಟ್ಟರು. ಪ್ಲಾಟ್‌ಫಾರ್ಮಿನಲ್ಲಿ ನಾನು ಆಡಿದ ಮಾತನ್ನು ಆಕೆ ಎತ್ತಲಿಲ್ಲ. ನಾನೇ ಎತ್ತಿದೆ.

"ಅವತ್ತು ನೀವು ಹೇಳಿದ್ರಿ. ನಾನು ನೋಡ್ಕೊಳ್ಳಲಿಲ್ಲ."

ಆಕೆ ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟರು. "ಫೋನ್ ಐತಲ್ಲ ಅಂತ ನಾನೂ ಅಂದ್ಕೊಂಡಿದ್ದೆ" ಎಂದರು. "ಮೊದಲೆಲ್ಲಾ ದಿನಾ ಫೋನ್ ಮಾಡಿ ತಿಂದ್ರೇನು ಅಂತ ಕೇಳ್ತಿದ್ದೆ. ವಾಚ್ ಬಂದಮ್ಯಾಲ ಅದನ್ನೂ ಬಿಟ್ಟಿದ್ದೆ."

ಅಷ್ಟರಲ್ಲಿ ಮೇಜಿನ ಮೇಲಿದ್ದ ಫೋನ್ ನಡುಗಿತು. ಮಾತ್ರೆಯ ಹೊತ್ತು. ಕಾಕಾ ಅಲುಗಾಡಲಿಲ್ಲ.

"ಅದಕ್ಕ ಏಳೂದಿಲ್ರಿ. ಕೈ ಹಚ್ಚಬೇಕು" ಎಂದು ಆಕೆ ಎದ್ದುಹೋಗಿ ಅವರ ಹೆಗಲ ಮೇಲೆ ಎರಡು ಸಲ ತಟ್ಟಿದರು.

ಅವರು ತಟ್ಟನೆ ಕಣ್ಣು ಬಿಟ್ಟರು. ನನ್ನ ಗುರುತು ಹತ್ತಲಿಲ್ಲ. ಬಗ್ಗಿ, ಕುರ್ಚಿಯ ಕೆಳಗೆ ಕೈಯಾಡಿಸಿ ಬ್ಯಾಗ್ ಹುಡುಕತೊಡಗಿದರು.

"ಸ್ಟೇಷನ್ ಇನ್ನೂ ಬಂದಿಲ್ರಿ" ಎಂದರು ಆಕೆ, ಅವರ ಕೈ ಹಿಡಿದು. "ಕೂಡ್ರಿ."