ಅಪ್ಪನ ದನಿ ತೆಗೆಸಿದ ಮೇಲೆ

ಹೈದರಾಬಾದಿನಲ್ಲಿ ಗಂಟಲ ಆಪರೇಷನ್ ಮಾಡಿಸಿಕೊಂಡು ನೌಬಾದದ ಬಾಡಿಗೆ ಕೋಣೆಗೆ ಮರಳಿದಾಗ, ಡಾಕ್ಟರು ಕೊಟ್ಟ ಚೀಟಿಯಲ್ಲಿ ಮುಖ್ಯವಾಗಿ ಒಂದೇ ಮಾತಿತ್ತು: ಎರಡು ವಾರ ತುಟಿಪಿಟಕ್ಕೆನ್ನಬಾರದು. ಪಿಸುಗುಟ್ಟುವುದೂ ಇಲ್ಲ, ಕೆಮ್ಮುವುದೂ ಇಲ್ಲ. ಗಂಡಾಗಿ ಹುಟ್ಟಿದ ನನಗೆ ಹೆಣ್ಣಿನ ದನಿ ಬರಬೇಕಾದರೆ ಒಳಗಿನ ಹೊಲಿಗೆ ಮೊದಲು ಮಾಯಬೇಕು.

ನೋಡಿಕೊಳ್ಳಲು ಅವ್ವ ಔರಾದ ಕಡೆಯ ಡಾಬಕಾದಿಂದ, ಕುರಿಗಳನ್ನು ಚಿಕ್ಕಪ್ಪನಿಗೆ ಒಪ್ಪಿಸಿ ಬಂದಳು. ನನ್ನನ್ನು ಮಗಳು ಎನ್ನಲು ಅವಳು ಕಲಿತು ಆರು ವರ್ಷವಾಗಿತ್ತು. ಆ ಜಗಳ ಮುಗಿದಿತ್ತು. ಉಳಿದದ್ದು ದನಿಯ ತಕರಾರು. ನನ್ನ ದನಿ ಥೇಟ್ ಸತ್ತ ಅಪ್ಪನದು. ಅವನು ಹೋದ ಮೇಲೆ ಅವ್ವ ದಿನಾ ಬೆಳಿಗ್ಗೆ ಫೋನ್ ಮಾಡಿ, "ಏನರ ಮಾತಾಡು" ಎಂದು ಸುಮ್ಮನಾಗುತ್ತಿದ್ದಳು. ನಾನು ಪಲ್ಯ, ಬಸ್ಸು, ಬಿಸಿಲು ಅಂತ ಏನೋ ಒದರುತ್ತಿದ್ದೆ. ಅವಳು ಕೇಳುತ್ತಿದ್ದದ್ದು ನನ್ನನ್ನಲ್ಲ ಎಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ತಿಳಿದಾಗ ಸಿಟ್ಟೇ ಬಂತು.

ಅದೇ ದನಿ ಭಾಲ್ಕಿಯ ಬೀಜದಂಗಡಿಯ ಕೆಲಸದಲ್ಲಿ ನನ್ನ ಜೀವ ತಿನ್ನುತ್ತಿತ್ತು. ಫೋನಿನಲ್ಲಿ "ಸಾಹೇಬ್ರ, ಸೋಯಾ ಬೀಜ ಬಂದಾವೇನ್ರಿ?" ಎಂದವರು ಅಂಗಡಿಗೆ ಬಂದು ನನ್ನ ಸೀರೆ ನೋಡಿ ಹಲ್ಲು ಕಿಸಿಯುತ್ತಿದ್ದರು. ಆಪರೇಷನ್ ಮಾಡಿಸುತ್ತೇನೆಂದಾಗ ಅವ್ವ ಕೇಳಿದ್ದು ಇಷ್ಟೇ: "ಜರಾ ಆದ್ರೂ ಉಳೀತದೇನು?" ಅಪ್ಪನ ದನಿ ಚೂರೂ ಉಳಿಯಬಾರದೆಂದೇ ನಾನು ಹೊರಟಿದ್ದೆ. ಅದನ್ನು ಅವಳಿಗೆ ಹೇಳಲಿಲ್ಲ.

ಆಪರೇಷನ್ ಎಂದರೆ ಓಣಿಯವರು ನೂರೆಂಟು ಕೇಳುತ್ತಾರೆಂದು ಅವ್ವ, "ಮಗಳು ಮೌನ ಹಿಡದಾಳ್ರಿ" ಎಂದುಬಿಟ್ಟಳು. ತಗೋ, ಮರುದಿನದಿಂದ ಬಾಳೆಹಣ್ಣು, ತೆಂಗಿನಕಾಯಿ ಬರತೊಡಗಿದವು. ನನ್ನಂಥವಳು ಮೌನ ಹಿಡಿದರೆ ಮೈಮೇಲೆ ದೇವಿ ಇರಲೇಬೇಕಲ್ಲ. ಎಲ್ಲ ಹೆಂಗಸರಂತೆ ಜಡ್ಡು ಬಿದ್ದು ಮಲಗುವ ಭಾಗ್ಯವೂ ನನಗಿಲ್ಲ. ಜನವಾಡದ ಒಬ್ಬ ಹೆಂಗಸು, ಮಗಳ ಲಗ್ನ ಕೂಡಿಬರುತ್ತಿಲ್ಲವೆಂದು ಕಾಲಿಗೆ ಬಿದ್ದಳು. 'ನನಗೆ ಗಂಟಲ ಆಪರೇಷನ್ ಆಗಿದೆ, ನಾನು ದೇವರಲ್ಲ' ಎಂದು ಚೀಟಿ ಬರೆದುಕೊಟ್ಟೆ. ಅವಳಿಗೆ ಓದು ಬರದು. ಚೀಟಿಯನ್ನು ಮಡಚಿ, ಕಣ್ಣಿಗೊತ್ತಿಕೊಂಡು, ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದಳು.

ಬೇರೆ ಸಮಯವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಆ ದಿನಗಳಲ್ಲಿ ನಗು, ಹಸಿವು, ಖುಷಿ, ಯಾವುದೂ ಬರಲಿಲ್ಲ. ಅವ್ವ ಕೊಟ್ಟ ಗಂಜಿ ಕುಡಿದೆ, ಮಲಗಿದೆ, ಎದ್ದೆ.

ಹದಿನೈದನೇ ದಿನ ಐದು ನಿಮಿಷ ಮಾತಾಡಲು ಡಾಕ್ಟರು ಹೇಳಿದ್ದರು. ಜನವಾಡದವಳು ಬೆಳಿಗ್ಗೆಯೇ ಮಗಳನ್ನು ಕರೆದುಕೊಂಡು ಬಾಗಿಲಲ್ಲಿ ಹಾಜರು. ಮೌನ ಬಿಟ್ಟವರ ಮೊದಲ ಮಾತು ಫಲಿಸುತ್ತದೆಂದು ಅವಳ ನಂಬಿಕೆ.

"ಮೊದಲ್ನೇ ಮಾತು ನಮ್ಮ ಹುಡುಗಿಗಿ ಹೇಳ್ರಿ ತಾಯಿ. ಈ ವರ್ಷ ಲಗ್ನ ಆಗ್ತದ ಅಂದ್ರ ಸಾಕ್ರಿ."

ಅವ್ವ ನಡುವೆ ಬಂದು ನಿಂತಳು. "ಇಲ್ರಿ ಅಕ್ಕಾ, ಮೊದಲ್ನೇ ಮಾತು ನಂದದ. ಆಮ್ಯಾಲ ಬರ್ರಿ."

ಬಾಗಿಲು ಹಾಕಿ, ನನ್ನೆದುರು ಚಾಪೆಯ ಮೇಲೆ ಕುಳಿತಳು. "ಹ್ಞೂಂ, ಅನ್ನು."

"ಅವ್ವಾ," ಎಂದೆ.

ತೆಳ್ಳಗೆ, ಸ್ವಲ್ಪ ಒಡಕಾಗಿ ಬಂತು. ಯಾರೋ ಹುಡುಗಿ ಪಕ್ಕದ ಮನೆಯಿಂದ ಕರೆದಂತಿತ್ತು. ಹತ್ತು ವರ್ಷ ಕಾದಿದ್ದ ದನಿ. ಖುಷಿಯಾಗಬೇಕಿತ್ತು, ಆಗಲಿಲ್ಲ.

"ಇನ್ನೊಮ್ಮಿ."

"ಅವ್ವಾ."

ಕಣ್ಣು ಮುಚ್ಚಿ ಕೇಳಿದಳು. ಹುಡುಕುತ್ತಿದ್ದಾಳೆಂದು ಗೊತ್ತಾಯಿತು. ಆಮೇಲೆ ಕಣ್ಣು ಬಿಟ್ಟು, "ಛಲೋ ಅದ," ಎಂದಳು. ಎದ್ದು ಒಲೆಯ ಕಡೆ ತಿರುಗಿ ಹೇಳಿದಳು, "ನಿಮ್ಮಪ್ಪ ಇವತ್ತ ಹೋದ ನೋಡು."

ಸಾವಿನ ಮನೆಯಲ್ಲಿ ಹೆಣ್ಣುಮಕ್ಕಳು ಹಾಡಿಕೊಂಡು ಅಳುವುದು ನಮ್ಮ ಕಡೆಯ ರೂಢಿ. ಅಪ್ಪ ತೀರಿದ ದಿನ, ಎಲ್ಲರಿಗೂ ಇನ್ನೂ ಮಗನೇ ಆಗಿದ್ದ ನಾನು ಗಂಡಸರ ಜೊತೆ ಹೊರಗೆ ನಿಂತಿದ್ದೆ. ಈಗ ಅವ್ವ ಒಲೆಯ ಮುಂದೆ ಕುಳಿತು ಅದೇ ಹಾಡೆತ್ತಿದಳು. ನಾನು ಹೋಗಿ ಪಕ್ಕದಲ್ಲಿ ಕುಳಿತೆ. ಕಣ್ಣಲ್ಲಿ ನೀರಿರಲಿಲ್ಲ. ಆದರೂ ಅವಳ ಹೆಗಲಿಗೆ ತಲೆಯಿಟ್ಟು, ಡಾಕ್ಟರು ಕೊಟ್ಟ ಸಮಯ ತೀರುವವರೆಗೆ, ಅಪ್ಪನಿಗೆ ಮಗಳಾಗಿ ದನಿ ತೆಗೆದು ಅತ್ತೆ.