ಪಕ್ಕದವರ ಮಳೆ

ನಮ್ಮ ಕಳಸದ ಕಡೆ ಕಾಫಿ ತೋಟದವರು ಬೆಳಿಗ್ಗೆ ಎದ್ದು ಮೊದಲು ವಿಚಾರಿಸುವುದು ಪಕ್ಕದ ತೋಟದ ಮಳೆಯನ್ನು. ಇಂಚಿನ ನೂರನೇ ಒಂದು ಭಾಗಕ್ಕೆ ಸೆಂಟ್ ಎನ್ನುತ್ತೇವೆ. ಅವರಿಗೆ ಐದು ಸೆಂಟ್ ಹೆಚ್ಚು ಬಿದ್ದಿದ್ದರೆ ಅಂದಿನ ತಿಂಡಿ ರುಚಿಸುವುದಿಲ್ಲ.

ಹೆಂಡತಿಗೆ ಐರ್ಲೆಂಡಿನಲ್ಲಿ ನರ್ಸ್ ಕೆಲಸ ಸಿಕ್ಕಿ, ತೋಟವನ್ನು ತಮ್ಮನಿಗೆ ಒಪ್ಪಿಸಿ, ಆರು ವರ್ಷದ ಮಗಳೊಂದಿಗೆ ಹೊರಟಾಗ ನಾನು ಮಳೆಮಾಪಕವನ್ನೂ ಸೂಟ್‌ಕೇಸಿಗೆ ತುಂಬಿದೆ. ಅದರಿಂದಾಗಿ ಇಡ್ಲಿ ಪಾತ್ರೆ ಊರಲ್ಲೇ ಉಳಿಯಿತು. ಆ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ.

ಇಲ್ಲಿ ದಿನವೂ ಮಳೆ, ಆದರೆ ಅರಳುವುದಕ್ಕೆ ಒಂದು ಕಾಫಿ ಗಿಡವಿಲ್ಲ. ಮಾರ್ಚಿನಲ್ಲಿ ತಮ್ಮ ಫೋನ್ ಮಾಡಿದ.

"ಹೂಮಳೆ ಬಂತಣ್ಣ, ನೂರಿಪ್ಪತ್ತು ಸೆಂಟ್! ಇನ್ನೊಂದು ವಾರಕ್ಕೆ ಹೂ ಬಿಟ್ಟು ತೋಟ ಪೂರ್ತಿ ಬೆಳ್ಳಗಾಗ್ತದೆ. ನಿಮ್ಮಲ್ಲೆಷ್ಟು?"

ನನ್ನದೇ ತೋಟಕ್ಕೆ ಬಿದ್ದ ಮಳೆಗೆ ನನಗೇ ಹೊಟ್ಟೆ ಉರಿಯಿತು. "ನೂರೈವತ್ತು" ಎಂದುಬಿಟ್ಟೆ.

"ಮಳೆ ವಿಷಯಕ್ಕೂ ಸುಳ್ಳು ಹೇಳ್ತಾರೇನ್ರೀ?" ಎಂದಳು ಹೆಂಡತಿ.

ದಿನಾ ಬೆಳಿಗ್ಗೆ ನಾನು ಮಾಪಕದ ಮುಂದೆ ಬಗ್ಗಿ ನಿಲ್ಲುವುದನ್ನು ಕಂಡು ಪಕ್ಕದ ಮನೆಯ ಐರಿಷ್ ಅಜ್ಜಿಯೂ ಒಂದು ಮಾಪಕ ಕೊಂಡರು. ಕಳೆದ ವಾರ ಮಗಳು ಅವರ ಹಿತ್ತಲಿನಿಂದ ಓಡಿಬಂದಳು.

"ಅಪ್ಪಾ, ಅಜ್ಜಿಗೆ ನಮಗಿಂತ ಎರಡು ಮಿಲಿಮೀಟರ್ ಜಾಸ್ತಿ!"

ಅಂದರೆ ಎಂಟು ಸೆಂಟ್. ನಡುವೆ ಇರುವುದು ಒಂದು ಬೇಲಿ, ಮೇಲಿರುವುದು ಒಂದೇ ಆಕಾಶ, ಇದೆಂಥ ಅನ್ಯಾಯ! ಬೇಲಿಯಾಚೆ ಅಜ್ಜಿ ನಗುತ್ತ ಕೈಬೀಸಿದರು. ನಾನೂ ಬೀಸಿದೆ, ನಗಲಿಲ್ಲ. ತಿಂಡಿ ಬಿಟ್ಟು, ನಮ್ಮ ಮಾಪಕವನ್ನು ಬೇಲಿಯ ಬದಿಯಿಂದ ಕಿತ್ತು ಹುಲ್ಲಿನ ನಟ್ಟನಡುವೆ ನೆಟ್ಟೆ.

ದಿನಾ ಊರಿನ ಮಳೆ ಕೇಳಲು ಕಳಸಕ್ಕೆ ಫೋನ್ ಮಾಡುತ್ತಿದ್ದವನಿಗೆ ಅವತ್ತು ಅದು ಮರೆತೇಹೋಯಿತು.